ಒಂದು ದೀರ್ಘ

ಕೋರ್ಟಿನ ಗೇಟಿನೆದುರು, ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ
ಇಪ್ಪತ್ತಾರು ವರ್ಷ ಕೂತು
ಊರವರ ಬಾಡಿಗೆ ಕರಾರು ಟೈಪು ಮಾಡಿದವಳು ನಾನು.
ಮೊದಲು ಟಕಟಕ ಮೆಷೀನು, ಆಮೇಲೆ ಕಂಪ್ಯೂಟರು.
ಹದಿನಾಲ್ಕನೇ ಕಲಮು ಬಾಯಿಪಾಠ,
ಕಣ್ಣು ಬೀದಿಯಲ್ಲಿದ್ದರೂ ಬೆರಳು ತಾನೇ ಓಡುತ್ತದೆ:
ಬಾಡಿಗೆದಾರರು ತಪ್ಪಿದಲ್ಲಿ ಜಾಮೀನುದಾರರು
ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ.
ಹೊಣೆಯ ಮುಂದೊಂದು ಚುಕ್ಕೆ.
ಪುಟಕ್ಕೆ ಮೂವತ್ತು ರೂಪಾಯಿ.

ಓದದೆ ಸಹಿ ಹಾಕುವವರನ್ನು ಗದರಿಸಿದ್ದುಂಟು.
ಸುರತ್ಕಲಿನ ಒಬ್ಬರು, ಅಳಿಯನ ಅಂಗಡಿಗೆ ಜಾಮೀನು ನಿಂತವರು,
"ಸುಮ್ಮನೆ ಒಂದು ಫಾರ್ಮಾಲಿಟಿ ಅಲ್ವ ಅಕ್ಕ?" ಅಂದರು.
"ಅಲ್ಲ. ನೀರಿಗಿಳಿದ ಹಾಗೆ.
ಅವನಿಗೆ ಕುತ್ತಿಗೆವರೆಗೆ ಬಂದರೆ
ನಿಮಗೂ ಕುತ್ತಿಗೆವರೆಗೇ."
ಅವರು ನಕ್ಕರು. ಸಹಿ ಹಾಕಿದರು.
ನನ್ನದೇ ಪೆನ್ನು.

ಆಮೇಲೆ ಅಶ್ವಿತಾ ಬಂದಳು, ಉಡುಪಿಯಿಂದ, ಒಂದು ಭಾನುವಾರ.
ಕನ್ನಡಕದ ಅಂಗಡಿಯಲ್ಲಿ ಕಣ್ಣಿನ ನಂಬರು ನೋಡುವ ಕೆಲಸ.
ಕುಂಜಿಬೆಟ್ಟಿನಲ್ಲಿ ಫ್ಲಾಟು, ಮೂರನೇ ಮಾಳಿಗೆ,
ಮೂವರು ಹುಡುಗಿಯರು, ಹದಿನೈದು ಸಾವಿರ.
ಮಾಲಕರು ಮಸ್ಕತಿನಲ್ಲಿ, ಬೀಗದ ಕೈ ಅವರ ಭಾವನಲ್ಲಿ.
"ಅಮ್ಮಾ, ಮೂಲು ಒಂಜಿ ಸೈನ್."
ಬಂಗುಡೆಯ ಪುಳಿಮುಂಚಿ ಒಲೆಯ ಮೇಲಿತ್ತು.
ಕೈ ತೊಳೆದು ಓದಿದೆ, ಕಸುಬಿನ ಚಟ.
ಉಡುಪಿಯ ಯಾರೋ ಟೈಪು ಮಾಡಿದ್ದು.
ಜಾಮೀನುದಾರರು ಅನ್ನುವಲ್ಲಿ
ಜಮೀನುದಾರರು ಅಂತ ಉಂಟು.
ಮಗಳೂ ನಾನೂ ಎಷ್ಟು ನಗಾಡಿದೆವು!
ಸೆಂಟ್ಸು ಜಾಗವಿಲ್ಲದವಳು, ಬಾಡಿಗೆ ಮನೆಯಲ್ಲೇ ಕೂದಲು ಹಣ್ಣಾದವಳು,
ಕಾಗದದ ಮೇಲಾದರೂ ಒಂದು ಗಳಿಗೆ
ಜಮೀನುದಾರಳಾಗಿದ್ದೆ.
ಆಮೇಲೆ ನಾನೇ ಪೆನ್ನಿನಲ್ಲಿ ದೀರ್ಘ ಎಳೆದು,
ತಿದ್ದಿದ್ದಕ್ಕೆ ಪಕ್ಕದಲ್ಲಿ ಚಿಕ್ಕ ಸಹಿ,
ಕೊನೆಗೆ ದೊಡ್ಡ ಸಹಿ.
ಹದಿನಾಲ್ಕನೆಯದನ್ನು ಮಾತ್ರ ಓದಲಿಲ್ಲ.
ಬಾಯಿಪಾಠವಲ್ಲವೇ.

ಮೂವರಲ್ಲಿ ಒಬ್ಬಳಿಗೆ ಮದುವೆ, ಒಬ್ಬಳಿಗೆ ವರ್ಗ.
ಇವಳು ಹೇಳಲಿಲ್ಲ.
ಇಡೀ ಬಾಡಿಗೆ ಒಬ್ಬಳೇ ಕೊಟ್ಟಳು, ನಾಲ್ಕು ತಿಂಗಳು.
ಆಮೇಲಿನ ಐದು ತಿಂಗಳು ಕೊಡಲಿಲ್ಲ. ಅದನ್ನೂ ಹೇಳಲಿಲ್ಲ.
ಫೋನಿನಲ್ಲಿ ಊಟ ಆಯ್ತಾ, ನಿಮ್ಮಲ್ಲಿ ಕರೆಂಟು ಉಂಟಾ, ಇಷ್ಟೇ.
ನೋಟೀಸು ಬಂದದ್ದು ನನ್ನ ಹೆಸರಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ,
ಅಡ್ವಾನ್ಸು ಕಳೆದು ಮೂವತ್ತೆರಡೂವರೆ ಸಾವಿರ,
ಗೋಡೆಗೆ ಬಣ್ಣ ಹದಿನೆಂಟು.
ಇಂಥ ನೋಟೀಸು ಎಷ್ಟು ಟೈಪು ಮಾಡಿಲ್ಲ!
ನನಗೊಂದು ಬಂದಾಗ
ವಿಳಾಸವನ್ನೇ ಎರಡು ಸಲ ಓದಿದೆ.

ಗೋವಿಯಸ್ ವಕೀಲರು ಕನ್ನಡಕ ಹಣೆಗೇರಿಸಿದರು.
"ಹನ್ನೊಂದು ತಿಂಗಳಾದ ಮೇಲೆ ಬಾಡಿಗೆ ಒಂದೂವರೆ ಸಾವಿರ ಏರಿಸಿದ್ದಾರೆ,
ಹೊಸ ಕಾಗದದಲ್ಲಿ ನಿಮ್ಮ ಸಹಿಯೇ ಇಲ್ಲ.
ನಿಮ್ಮನ್ನು ಕೇಳದೆ ಕರಾರು ಬದಲಾದರೆ
ಅಲ್ಲಿಂದಾಚೆಗೆ ಜಾಮೀನು ಬಿಟ್ಟುಹೋಯಿತು.
ಎರಡು ಸಾಲು ಉತ್ತರ ಬರೆಯಿರಿ, ನೀವು ಹೊರಗೆ."
ನಾನು ಹೊರಗೆ.
ಒಳಗೆ ಯಾರು ಅಂತ ಅವರು ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಎರಡು ಸಾಲು ಟೈಪು ಮಾಡಲು ಒಂದು ಮಧ್ಯಾಹ್ನ ಹಿಡಿಯಿತು.
ಮಡಚಿ ಬ್ಯಾಗಿಗೆ ಹಾಕಿದೆ, ಬೀಗರು ಕೊಟ್ಟ ಲಾಡಿನ ಡಬ್ಬಿಯ ಪಕ್ಕ,
ಸೊಸೈಟಿಯ ಪಾಸ್‌ಬುಕ್ಕೂ ಅಲ್ಲೇ.
ಯಾವುದು ಹೊರಗೆ ಬರುತ್ತದೋ ನೋಡುವ.
ಐದೂಕಾಲರ ಎಕ್ಸ್‌ಪ್ರೆಸ್ಸು, ಕಿಟಕಿಯ ಸೀಟು.
ಮಗಳಿಗೆ ಫೋನು ಮಾಡಲಿಲ್ಲ. ಹೇಳದಿರುವುದು
ನಮ್ಮ ಮನೆಯಲ್ಲಿ ಎರಡೂ ಕಡೆಯಿಂದ ಉಂಟು.

ಮೂಲ್ಕಿ ದಾಟುವಾಗ ಕಾಗದ ಬಿಡಿಸಿದೆ.
ಕೆಳಸಾಲು: ಸದರಿ ಜಮೀನುದಾರರು.
ನನ್ನದೇ ಬೆರಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.
ಪೆನ್ನು ತೆಗೆದು ದೀರ್ಘ ಎಳೆಯಹೊರಟೆ.
ಹೊಂಡಕ್ಕಿಳಿದು ಬಸ್ಸು ಎತ್ತಿ ಒಗೆಯಿತು,
ಗೆರೆ ಅಕ್ಷರ ಬಿಟ್ಟು, ಮಾರ್ಜಿನು ದಾಟಿ
ಸೀರೆಯ ಮೇಲೆ ಹೋಯಿತು.