ಎಳ್ಳಷ್ಟು

ವಾರದಲ್ಲಿ ಆರು ದಿನ ನಾನು
ಕತ್ತಲೆ ಕೋಣೆಯಲ್ಲಿ ಜನರ ಎಲುಬು ನೋಡುವವಳು.
"ಉಸಿರು ಹಿಡೀರಿ" ಅನ್ನುತ್ತೇನೆ.
ಕಾರವಾರದ ಅರ್ಧ ಮೀನುಪೇಟೆ
ನನ್ನ ಮಾತಿಗೆ ಒಂದು ಗಳಿಗೆ ಉಸಿರು ಹಿಡಿದಿದೆ.

ಏಳನೆಯ ದಿನ ಮಾಜಾಳಿಯಲ್ಲಿ ಬಸ್ಸಿಳಿದು
ಗುಡ್ಡ ಹತ್ತುತ್ತೇನೆ.
ಫೋನಿನಲ್ಲಿ ಬಣ್ಣ ಆರಿಸಿಟ್ಟಿದ್ದೇನೆ,
ಮಲಗುವ ಮುಂಚೆ ದೀಪ ಆರಿಸಿದ ಹಾಗೆ.
"ರಜೆಯಲ್ಲೂ ಕಪ್ಪು ಬಿಳುಪೇ ಏನೇ ನಿನಗೆ?"
ಜತೆಗೆ ಬಂದ ವಾರ್ಡಿನ ಲೆತೀಸಿಯಾ ನಗುತ್ತಾಳೆ.

ಅವಳಿಗೆ ಹೇಗೆ ಹೇಳಲಿ.
ಹಸಿರು ಹೆಚ್ಚಾದರೂ ಕಣ್ಣಿಗೆ ಪೊರೆ ಬರುತ್ತದೆ.
ಹಸಿರು ತೆಗೆದು ನೋಡು, ಗುಡ್ಡಕ್ಕೊಂದು ಬೆನ್ನುಹುರಿ,
ಗೇರುಮರದ ಗಂಟುಗಂಟಿಗೂ ಸಂಧಿವಾತ,
ಚಿರೆಕಲ್ಲು ಕಡಿದು ಬಿಟ್ಟ ಹೊಂಡ
ಮಾಗಿದ ಕ್ಷಯದ ಕಲೆಯಂತೆ
ನಡುವೆ ಮಬ್ಬು, ಅಂಚು ಮಾತ್ರ ಗಟ್ಟಿ.

ಬಿಸಿಲಿಗೆ ಪರದೆ ಕಾಣುವುದಿಲ್ಲ.
ದುಪಟ್ಟಾ ತಲೆಯ ಮೇಲೆಳೆದು
ಹಳೇ ಸ್ಟುಡಿಯೋದವನ ಹಾಗೆ ಮುಸುಕಿನೊಳಗೆ ಬಗ್ಗಿ
ಅಂದಾಜಿನಲ್ಲಿ ಒತ್ತುತ್ತೇನೆ.
ಹತ್ತರಲ್ಲಿ ಏಳು ನನ್ನದೇ ಹೆಬ್ಬೆರಳು.

ಆಚೆ ಇಳಿದರೆ ತಿಳ್ಮಾತಿ. ಎಳ್ಳುಮಣ್ಣು.
ಇಲ್ಲಿ ಫೋನಿಗೆ ಕೆಲಸವೇ ಇಲ್ಲ,
ಮರಳು ಮೊದಲೇ ಕಪ್ಪು, ನೊರೆ ಮೊದಲೇ ಬಿಳಿ,
ಯಾರೋ ನನಗಿಂತ ಮುಂಚೆ ಬಂದು
ಬಣ್ಣ ಆರಿಸಿ ಹೋಗಿದ್ದಾರೆ.

ಬಂಡೆಯ ಮೇಲೊಬ್ಬಳು ನೀಲಿಕಲ್ಲು ಕೀಳುತ್ತಿದ್ದಳು,
ಸೊಂಟಕ್ಕೆ ಚೀಲ, ಕೈಯಲ್ಲಿ ಸವೆದ ಕತ್ತಿ.
ಶೇವಂತಾ ತಾಂಡೇಲ, ಹೆಸರು ಆಮೇಲೆ ತಿಳಿದದ್ದು.
ಗುಡ್ಡದ ಮೇಲಿಂದ ತೆಗೆದ ಚಿತ್ರದಲ್ಲಿ
ಅವಳು ನೊರೆಗೆ ಎದುರಾದ ಒಂದು ಕಪ್ಪು ಗೆರೆ, ಅಷ್ಟೆ.
ತೋರಿಸಿದೆ.
ಸೀರೆಯ ಕೆಂಪೆಲ್ಲಿ ಅಂತ ಕೇಳುತ್ತಾಳೆಂದು
ಉತ್ತರ ಸಿದ್ಧ ಮಾಡಿಕೊಂಡಿದ್ದೆ.

ಕೇಳಲಿಲ್ಲ.
ಒದ್ದೆ ಕೈ ಸೆರಗಿಗೆ ಒರೆಸಿ, ಫೋನು ಇಸಕೊಂಡು
ಕಣ್ಣಿನಿಂದ ದೂರ ಹಿಡಿದಳು,
ನಮ್ಮ ಡಾಕ್ಟರು ಫಿಲ್ಮು ಹಿಡಿಯುವ ಹಾಗೇ.

"ಇಲ್ ನೋಡಿ. ಈ ಬೂದಿ ಇದ್ದಲ್ಲಿ ನೀರಡಿ ಬಂಡೆ.
ಪಕ್ಕಕ್ಕೇ ಕಪ್ಪು, ಅಲ್ಲಿ ಸೆಳವು.
ಹೋದ್ವರ್ಷ ನಾದಿನಿ ಕಾಲು ಮುರಿದದ್ದು ಅಲ್ಲೇಯ.
ದಿನಾ ನಿಂತು ನೋಡ್ತೆ, ಹೊಳಪಿಗೆ ಕಣ್ಣು ಹಿಡಿಯೂದಿಲ್ಲ.
ಇದ್ರಲ್ಲಿ ಬಿಚ್ಚಿಟ್ಟಂಗೆ ಅದೆ."

ಬಗ್ಗಿ ನೋಡಿದೆ. ಸಮುದ್ರ ಕಂಡಿತು.
ಕೂದಲೆಳೆಯ ಸೀಳನ್ನು ಹನ್ನೊಂದು ವರ್ಷ
ಹುಡುಕಿ ಹುಡುಕಿ ಪಳಗಿದ ಕಣ್ಣಿಗೆ
ಬರೀ ಸಮುದ್ರ.

ಲೆತೀಸಿಯಾ ಈ ಸಲ ನಗಲಿಲ್ಲ.
ಶೇವಂತಾ ಎರಡು ಬೊಗಸೆ ನೀಲಿಕಲ್ಲು ಕೊಟ್ಟಳು
(ಹೆಸರಿಗೆ ನೀಲಿ, ನನ್ನ ಪರದೆಯಲ್ಲಿ ಅದೂ ಬೂದಿ).
ದುಡ್ಡು ಬೇಡವೆಂದಳು,
ಆಮೇಲೆ ನೂರು ರೂಪಾಯಿ ಮಡಚಿ ಕುಪ್ಪಸಕ್ಕೆ ಸಿಕ್ಕಿಸಿಕೊಂಡಳು.

ಸೋಮವಾರ.
ಬೈತಕೋಲದ ಹುಡುಗ, ಕ್ರಿಕೆಟ್ಟು, ಎಡ ಮಣಿಕಟ್ಟು.
ಎಲುಬು ಸರಿಯಿದೆ. ಆದರೆ ಕಿರುಬೆರಳಿನಾಚೆ,
ಮೈಯೇ ಇಲ್ಲದ ಕತ್ತಲಲ್ಲಿ
ಚುಚ್ಚಿದಂಥ ಒಂದು ಬಿಳಿ ಚುಕ್ಕಿ.

ಪ್ಲೇಟು ಒರೆಸಿದೆ.
ಬೆರಳ ತುದಿಗೆ ಹತ್ತಿ ಬಂತು,
ಫೋನಿನ ಸಂದಿಯಿಂದಲೋ ಉಗುರಿನಿಂದಲೋ ಉದುರಿದ್ದು,
ಎಳ್ಳಷ್ಟು,
ಕಪ್ಪು.

"ಇನ್ನೊಂದ್ಸಲ ತೆಗೀಬೇಕು" ಎಂದೆ.
ಕೈಯ ಫಿಲ್ಮಿಗೆ ಉಸಿರು ಹಿಡಿಯಬೇಕಿಲ್ಲ.
ಆದರೂ ಹುಡುಗ ಹಿಡಿದ.