ಟಾಕಿ ಹೊಡದ ಮರುದಿನ

ಕರೆಂಟು ಬರೋದು ಮುಂಜಾನಿ ಆರಕ್ಕ, ಹೋಗೋದು ಹತ್ತಕ್ಕ.
ಆ ನಾಕು ತಾಸಿನಾಗ ಊರ ಹೊಟ್ಟಿ ಎಲ್ಲಾ
ನನ್ನ ಗಿರಣಿ ಮುಂದ ಪಾಳಿ ಹಚ್ಚಿರ್ತದ,
ಶಾಬಾದಿ ಫರಸಿ ಮ್ಯಾಲ, ಡಬ್ಬಿಗಿ ಡಬ್ಬಿ ಆನಿಸಿ.

ಡಬ್ಬಿ ನೋಡಿದ್ರ ಮನಿ ಗೊತ್ತು ನನಗ.
ಮುಚ್ಚಳದಾಗ ಕೆಂಪು ಅರಿವಿ ಸಿಗಿಸಿದ್ದು ಬಕ್ಕಮ್ಮಂದು,
ಖಜೂರಿ ಗಿಡದ ಚಿತ್ರ ಅರ್ಧ ಅಳಿಸಿದ್ದು ಲಾಲಪ್ಪ ಮಾಸ್ತರಂದು.
ತಳವಾರ ಮನಿಯವರು ಯೂರಿಯಾ ಚೀಲದಾಗೇ ತರ್ತಾರ,
ಬೈದರೂ ಕೇಳಂಗಿಲ್ಲ.

ಕಾಳು ನೋಡಿದ್ರ ಹಂಗಾಮು ಗೊತ್ತು.
ತೊಗರಿ ರಾಶಿ ಮುಗದ ವಾರ ಕೂಲಿಯವರ ಡಬ್ಬಿ ಕಂಠಮಟ,
ಶ್ರಾವಣದಾಗ ಎಲ್ಲಾ ಎರಡು ಸೇರಿನ ಮಾತು.
ರೇಷನ್ ಅಕ್ಕಿ ಬಂತಂದ್ರ ನನ್ನ ಬೆಲ್ಟಿಗಿ ಸೂಟಿ.
ಯಾರ ಮನ್ಯಾಗ ಮದುವಿ ಅನ್ನೋದು
ಲಗ್ನಪತ್ರಿಕಿಗಿಂತ ಮೊದಲ
ಕಡ್ಲಿ ಹಿಟ್ಟಿನ ವಾಸನಿ ಹೇಳಿಬಿಡ್ತದ.

ಕಿಲೋಕ್ಕ ನಾಕು ರೂಪಾಯಿ.
ಇಲ್ಲದಾಕಿ ಒಂದು ಬೊಗಸಿ ಜೋಳ ಬಿಟ್ಟು ಹೋಗ್ತಾಳ.
ಹೊಸ ಸೊಸ್ತೇರು ಫೋನು ಹಿಡದು 'ಹಾಕೀನಿ' ಅಂತಾರ;
ಗಿರಣಿ ಸಪ್ಪಳದಾಗ ಅದರ ಟಿಣ್ಣು ಕೇಳ್ತದೇನು?
ನಂಬಬೇಕು. ನಂಬ್ತೀನಿ.

ಇನ್ನೊಂದು ಮಾತು ಎಲ್ಲಾರಿಗೂ ಗೊತ್ತು, ಯಾರೂ ಆಡಂಗಿಲ್ಲ:
ಹಿಂದಿನಾಕಿ ಹಿಟ್ಟು ಒಂದು ಹಿಡಿ
ಕಲ್ಲಿನ ಸಂದ್ಯಾಗ ಉಳದಿರ್ತದ, ಮುಂದಿನಾಕಿ ಡಬ್ಬಿಗಿ ಬೀಳ್ತದ.
ಮಾಲಿಪಾಟೀಲರ ರೊಟ್ಟ್ಯಾಗ
ಕೆಳಗಿನ ಓಣಿ ಬಕ್ಕಮ್ಮನ ಜೋಳ.
ಮೂವತ್ತು ವರ್ಷ ಆತು,
ಯಾರ ಹೊಟ್ಟಿನೂ ನೊಂದಿಲ್ಲ.

ಮೊನ್ನಿಂದ ಒಂದೇ ದೂರು: ರೊಟ್ಟಿ ಹರೀಲಿಕತ್ತಾವ,
ಚಂದಮ್ಮ, ನಿನ್ನ ಕಲ್ಲು ಸವದಾವ.
ಕಾಗಿಣಾ ಆಚಿಂದ ರಾಣೋಜಿನ್ನ ಕರೆಸಿದೆ.
ದಿನಾ ಪೂರ್ತಿ ಟಕ್ ಟಕ್ ಅಂತ ಟಾಕಿ ಹೊಡದ,
ಐನೂರು ತಗೊಂಡ, ಎಂಟು ರೊಟ್ಟಿ ತಿಂದ,
ಹೋಗುವಾಗ ಅಂದ:
'ಮೊದಲ ಎರಡು ಸೇರು ಉಣ್ಣಬ್ಯಾಡ್ರಿ, ಕಲ್ಲು ಬರ್ತದ.'

ಇವತ್ತು ಆರಕ್ಕ ಕರೆಂಟು ಬಂತು, ಪಾಳಿನೂ ಬಂತು.
ಮೊದಲ ಎರಡು ಸೇರು ಯಾರ್ದು?

ದೊಡ್ಡ ಚೀಲದವರು ಮೆಲ್ಲಕ ಹಿಂದಕ್ಕ ಸರದರು.
ಮಾಲಿಪಾಟೀಲರ ಆಳಿಗಿ ಒಮ್ಮಿಂದೊಮ್ಮಿ
ಎತ್ತಿಗಿ ನೀರು ಕುಡಿಸೋದು ನೆನಪಾತು.
ಸಣ್ಣ ಡಬ್ಬಿಯವರು ಡಬ್ಬಿ ತೊಡಿ ಮ್ಯಾಲ ಇಟಗೊಂಡರು;
ತಂದದ್ದೇ ಎರಡು ಸೇರು,
ಅದೂ ಉಸುಕಾದರ ಕೂಸಿಗಿ ಏನು ಬಡೀಬೇಕು?
ನಂದು ಹಾಕ್ತೀನಂದ್ರ ನನ್ನ ಡಬ್ಬಿ ಖಾಲಿ.
(ಎಂಟು ರೊಟ್ಟಿ. ಹೇಳೀನಲ್ಲ.)

ಕರೆಂಟು ಸುಮ್ಮನ ಉರೀಲಿಕತ್ತಿತ್ತು.
ಪಾಳಿಯಾಗ ಮೊದಲನೇದಾಕಿ ಯಾರು ಅನ್ನೋದೇ ಎಲ್ಲಾರಿಗೂ ಮರೆತಿತ್ತು.

ಅಷ್ಟರಾಗ ಮಾಲನಬಿ ಬಂದಳು,
ಕಂಕುಳಾಗ ಹುಳ ಹೊಡದ ಜೋಳದ ಬುಟ್ಟಿ.
'ನಂದು ಹಾಕ ಯವ್ವಾ, ಕೋಳಿಗಿ ತಂದೀನಿ.'
ಕಲ್ಲು ಬರ್ತದ ಅಂದೆ.
'ಬರಲಿ ಬಿಡು. ಅವಕ್ಕೇನು ಹಲ್ಲವೇನು?
ಕಲ್ಲೇ ನುಂಗಿ ಹೊಟ್ಟ್ಯಾಗ ಬೀಸ್ಕೋತಾವ.'

ಬೀಸಿದೆ. ಬೂದಿ ಬಣ್ಣದ ಹಿಟ್ಟು,
ನಾಲಿಗಿಗಿ ಇಟ್ಟರ ಕರ್ ಅಂತು.
ಆಕಿ ರೊಕ್ಕ ಕೊಡಲಿಲ್ಲ, ನಾನೂ ಕೇಳಲಿಲ್ಲ.
ಯಾರಿಗಿ ಯಾರು ಕೊಡಬೇಕು ಅನ್ನೋದೇ ತಿಳೀಲಿಲ್ಲ.
ಬುಟ್ಟಿ ತಲಿ ಮ್ಯಾಲ ಹೊತಗೊಂಡು
ಮಸೂತಿ ಸಂದಿ ಹಿಡದಳು.

ಆಕಿ ತಿರುವಿನಾಗ ಮರಿ ಆಗೂದ್ರಾಗ
ಪಾಳಿಯಾಗ ಜಗಳ: ನಾ ಮೊದಲ, ನಾ ಮೊದಲ.
ಎತ್ತಿಗಿ ನೀರೂ ಕುಡಿಸಿ ಆಗಿತ್ತು.

ಸೇಡಂ ಸಂತ್ಯಾಗ ಬರೋ ವಾರ ಮಾಲನಬಿ ಕೂಡ್ತಾಳ,
ತತ್ತಿಗಿ ಎಂಟು ರೂಪಾಯಿ ಅಂತಾಳ.
ಇದೇ ಮಂದಿ ಏಳಕ್ಕ ಕೇಳ್ತಾರ,
ಬೆಳಕಿಗಿ ಹಿಡದು ನೋಡ್ತಾರ,
ಕಿವಿ ಹತ್ರ ಅಲುಗಾಡಿಸ್ತಾರ.
ನಮ್ಮ ಕಲ್ಲು ಅದರಾಗ ಸಪ್ಪಳ ಮಾಡಂಗಿಲ್ಲ.

ಹತ್ತಾತು. ಹೋತು ಕರೆಂಟು.
ಬಕ್ಕಮ್ಮನ ಜೋಳ ಅರ್ಧ ಹಿಟ್ಟು, ಅರ್ಧ ಕಾಳು.
'ಇರಲಿ ಬಿಡು, ನಾಳಿ ಬರ್ತೀನಿ' ಅಂತ ಎದ್ದಳು,
ಅರಿವಿ ಮಾತ್ರ ಒಯ್ದಳು.