ಹಸಿ ಮಾಡಿ ಕೆರಿ

ತಡಿಯೋ ಸಾಬಣ್ಣ, ಆ ಪಟ್ಟಿ ಕೆಳಗಿಡು.
ಕಿಡಕಿ ಎಲ್ಲೂ ಓಡಿ ಹೋಗೂದಿಲ್ಲ,
ನೂರು ವರ್ಷ ಮಡಗಾಂವದಾಗ ನಿಂತೈತಿ, ಇನ್ನೊಂದು ಗಳಿಗಿ ನಿಲ್ಲತೈತಿ.
ಮೊದಲ ನೀರು ಹೊಡಿ.
ಒಣದು ಕೆರದ್ರ ಧೂಳು ಏಳತೈತಿ,
ಹಸಿ ಮಾಡಿ ಕೆರದ್ರ
ಉಳ್ಳಾಗಡ್ಡಿ ಸಿಪ್ಪಿ ಹಂಗ ಸುಲದು ಬೀಳತೈತಿ.

ಮ್ಯಾಲಿನ ಹಳದಿ ಮೊನ್ನಿಂದು,
ಮನಿ ಬಾಯಿಯ ಮಗನ ಲಗ್ನದ್ದು.
ಅದರ ಕೆಳಗ ಗುಲಾಬಿ, ಗುಲಾಬಿ ಕೆಳಗ ನೀಲಿ.
ತಳದಾಗ, ಚೌಕಟ್ಟಿನ ಮೂಲ್ಯಾಗ,
ಕೆನಿ ಹಂಗ ದಪ್ಪಗ ಬಿಳಿ ಕಾಣತೈತಲ್ಲ,
ಪೋರ್ತುಗೀಸರ ಕಾಲದ್ದು,
ಅದು ಸೀಸ.
ಹೆಸರಿನಾಗ ಮೊದಲ ಸೀ ಐತಿ ನೋಡು,
ನಾಲಿಗಿಗೂ ಸೀನ ಅಂತ.
ವಿಷ ಅಂದ್ರ ಕಹಿ ಅಂತ ನಮಗ ಯಾರು ಕಲಿಸಿದರೋ.

ಗೇಟಿನ ಹತ್ರ ಸ್ಟೂಲಿನ ಮ್ಯಾಲ ಕುಂತಾನಲ್ಲ ಮುದಕಪ್ಪ,
ಮುದಕ ಅಲ್ಲ ಅಂವ, ನಲವತ್ತೆರಡು.
ಪಣಜಿಯೊಳಗ ಮೂರು ವರ್ಷ
ಬಾಯಿಗೆ ಟವೆಲ್ ಕಟ್ಟಿಕೊಂಡು
ಮಷೀನ್ ಹಚ್ಚಿ ಹಳೇ ಬಾಗಿಲ ಉಜ್ಜಿದಂವ.
ಹೊಟ್ಟಿ ಹಿಂಡಿದಾಗ ಫೆಣಿ ಅಂದ್ರು.
ಸಿಟ್ಟಿಗೆದ್ದಾಗ ಸೊಕ್ಕು ಅಂದ್ರು.
ವಸಡಿನ ಮ್ಯಾಲ ನೀಲಿ ಗೆರಿ ಮೂಡಿದಾಗ ತಂಬಾಕ ಅಂದ್ರು,
ನಾನೂ ಅಂದೆ.
ಒಂದಿನ ಚಹಾದ ಕಪ್ಪಿಗೆ ಕೈ ಚಾಚಿದ,
ಮಣಿಕಟ್ಟು ಏಳಲಿಲ್ಲ.
ಬಿಸಿಲಿಗೆ ಬಾಡಿದ ಬಾಳಿ ಎಲಿ ಹಂಗ ಜೋತುಬಿತ್ತು.
ದವಾಖಾನಿಯೊಳಗ ರಕ್ತದ ಚೀಟಿ ಓದಿದ ಡಾಕ್ಟರ್ ಬಾಯಿ
ಏನೂ ಅನ್ನದ
ಮತ್ತೊಮ್ಮೆ ಓದಿದ್ಲು.

ಅವತ್ತಿಂದ ನಾ ಟವೆಲಿಗೆ ಒಪ್ಪಿಲ್ಲ.
ಎರಡು ಡಬ್ಬಿಯ ಮಾಸ್ಕ ಬರೂತನ
ಏಣಿ ಯಾರೂ ಹತ್ತಲಿಲ್ಲ.
ಕಾಂಟ್ರಾಕ್ಟರ್ ಕೊಂಕಣಿಯೊಳಗ ಬೈದ, ಮರಾಠಿಯೊಳಗ ಬೈದ,
ಹಿಂದಿಗೆ ಬರೂದ್ರಾಗ ದಣದಿದ್ದ.
ನಾಲ್ಕನೇ ದಿನ ಖೋಕಾ ಬಂತು.
ಮೂಗು ಬೆವರತೈತಿ, ಖರೆ.
ಹಂದಿ ಮಾರಿ ಹಂಗ ಕಾಣತೇವಿ, ಅದೂ ಖರೆ.
ಹಾಕ್ಕೋ.

ಬೀಡಿ ಕಿಸೆದಾಗ ಇಡಬ್ಯಾಡ.
ರೊಟ್ಟಿ ಗಂಟು ಆಚಿ ಹಲಸಿನ ಗಿಡಕ್ಕ ಕಟ್ಟು.
ಕಸಬರಗಿ ಅಂತೂ ಮುಟ್ಟಲೇಬ್ಯಾಡ,
ಕೆಳಗಿನ ಪ್ಲಾಸ್ಟಿಕ್ ಹಾಳಿ ನಾಲ್ಕೂ ಮೂಲಿ ಮಡಚಿ
ಮಲಗಿದ ಕೂಸಿನ ದುಪ್ಪಟಿ ಎತ್ತಿದಂಗ ಎತ್ತು.

ಹಿಂದಿನ ಕೆಲಸದಾಗ ನೀರಿನ ಸೌಲತ್ತು ಇರಲಿಲ್ಲ.
ಮೈತುಂಬ ಬಿಳಿ ಹೊತ್ತು ಮನಿಗೆ ಹೋಗತಿದ್ದೆ.
ಓಡಿ ಬಂದ ಮಗಳಿಗೆ ಮಾರು ದೂರದಿಂದ
ತಡಿ, ಮುಟ್ಟಬ್ಯಾಡ, ಅಂದೆ.
ಅವ್ವಗ ನಾ ಬ್ಯಾಡಾದ್ನಿ ಅಂತ
ಎರಡು ದಿನ ಮಾತು ಬಿಟ್ಟಿತ್ತು ಹುಡುಗಿ.
ಈಗ ನಾ ಓಣಿ ತಿರುವಿನಾಗ ಕಂಡರ ಸಾಕು,
ಆಕಿನ ಕೂಗತಾಳ: ಉಗುರು ತೋರಸು!

ಇಲ್ಲಿ ಬಾವಿ ಐತಿ, ಸಬಕಾರ ಐತಿ.
ಅಂಗಿ ಇಲ್ಲೇ ಬಿಡು, ತಲಿ ತೊಳಕೊಂಡು ಹೊಂಡು.
ಹೋಗೂ ಮುಂದ ಮುದಕಪ್ಪ ನಿನ್ನ ಕೈ ನೋಡತಾನ.
ನೀನೂ ಅವನ ಕೈ ನೋಡು,
ನಾಚಬ್ಯಾಡ.

ಹೂಂ, ಈಗ ನೀರು ಹೊಡಿ.